ಪಡುವಣ ಗೋಡೆಯ ಕಂಡಿ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಗೃಹಪ್ರವೇಶಕ್ಕೆ ಬಂದವರಲ್ಲಿ ಆರು ಮಂದಿ ಗೋಡೆ ಗಡಿಯಾರವನ್ನೇ ಉಡುಗೊರೆ ಕೊಟ್ಟಿದ್ದರು. ಯಾರಿಗೂ ಬೇಸರವಾಗಬಾರದೆಂದು ಆರನ್ನೂ ತೂಗುಹಾಕಿದ್ದೆವು. ಹೊಸ ಮನೆಯಲ್ಲಿ ಎತ್ತ ತಿರುಗಿದರೂ ಸಮಯ ಕಾಣುತ್ತಿತ್ತು. ನೀರು ಎತ್ತ ಹೋಗುತ್ತದೆಂದು ಮಾತ್ರ ಯಾರೂ ನೋಡಿರಲಿಲ್ಲ.

ಮೊನ್ನೆ ಹೆಮ್ಮಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲೇ ಲಾರಿಯಿಂದ ಕೆಂಪುಕಲ್ಲು ಇಳಿಸುತ್ತಿದ್ದರು. ಸಣ್ಣಗೆ ಮಳೆ ಬರುತ್ತಿತ್ತು. ಒದ್ದೆ ಕೆಂಪುಕಲ್ಲಿಗೆ ಅದರದ್ದೇ ಒಂದು ವಾಸನೆಯಿದೆ, ನಿಮಗೂ ಗೊತ್ತಿರಬಹುದು. ಬೇರೆಯವರಿಗೆ ಅದು ಹೊಸ ಮನೆಯ ವಾಸನೆ. ನನಗೆ ಅದು ಒಂದು ಜುಲೈ ಮಧ್ಯಾಹ್ನದ ವಾಸನೆ. ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ನಾವುಂದದಲ್ಲಿ ನಾವು ಮನೆ ಕಟ್ಟಿಸಿದ್ದು ಗದ್ದೆಯೊಂದಕ್ಕೆ ಮಣ್ಣು ತುಂಬಿಸಿ. 2008ರ ಬೇಸಿಗೆಯಲ್ಲಿ ಒಕ್ಕಲಾದೆವು. ಮೂಡು ಬದಿಗೆ ಗುಲಾಬಿ ಅಕ್ಕನ ಗದ್ದೆ, ನಮ್ಮ ಜಾಗಕ್ಕಿಂತ ಎತ್ತರದಲ್ಲಿ. ಪಡು ಬದಿಗೆ ಮಳೆನೀರು ಹರಿದುಹೋಗುವ ತೋಡು, ಅದರಾಚೆ ತೆಂಗಿನ ತೋಟಗಳು, ಆಮೇಲೆ ಸಮುದ್ರ. ಗುಲಾಬಿ ಅಕ್ಕನ ಗದ್ದೆಯ ನೀರು ನಮ್ಮ ಗದ್ದೆಗಿಳಿದು, ಪಡು ಅಂಚಿನ ಒಂದು ಕಂಡಿಯಿಂದ ತೋಡಿಗೆ ಹೋಗುತ್ತಿತ್ತಂತೆ. ‘ಅಂತೆ’ ಎನ್ನುತ್ತಿದ್ದೇನೆ, ಏಕೆಂದರೆ ನಾವು ಜಾಗ ನೋಡಿದ್ದು ಹಿಂದಿನ ವರ್ಷದ ಮಾರ್ಚಿನಲ್ಲಿ. ಆಗ ಅಲ್ಲಿ ನೀರೂ ಇರಲಿಲ್ಲ, ಕೇಳುವ ಬುದ್ಧಿ ನಮಗೂ ಇರಲಿಲ್ಲ.

ವಾಸ್ತು ನೋಡುವವರು ಬಂದರು. ಅಂಗಳ ಈಶಾನ್ಯಕ್ಕೆ ತಗ್ಗಾಗಿರಬೇಕು, ಪಡುವಣಕ್ಕೆ ನೀರು ಬಿಟ್ಟರೆ ಲಕ್ಷ್ಮಿಯೂ ಅದರ ಜೊತೆ ಹೋಗುತ್ತಾಳೆ ಎಂದರು. ನಾನು ಬಿ.ಎಸ್ಸಿ. ಓದಿದವಳು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಘಟ್ಟ ಮೂಡಿಗಿದೆ, ಸಮುದ್ರ ಪಡುವಿಗಿದೆ, ಈ ಊರಿನ ನೀರೆಲ್ಲ ಒಂದೇ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ನಕ್ಷೆ ಬಿಡಿಸಿ ಮಕ್ಕಳಿಗೆ ಕಲಿಸಿದವಳು. ತಲೆಯಾಡಿಸಿ, ಬಂದವರಿಗೆ ಇನ್ನೊಂದು ಲೋಟ ಚಾ ಕೊಟ್ಟೆ. ಅಂಗಳ ಈಶಾನ್ಯಕ್ಕೆ ಇಳಿಯಿತು. ಪಡುವಣ ಕಂಡಿ ಮುಚ್ಚಿತು. ಕೊನೆಗೆ, ಆ ವರ್ಷದ ಮಳೆಗಾಲ ಕಳೆದ ಮೇಲೆ, ಸುತ್ತಲೂ ಆರಡಿಯ ಕೆಂಪುಕಲ್ಲಿನ ಪಾಗಾರ ಗೋಡೆ ಎದ್ದಿತು, ಒಂದು ಬೆರಳು ತೂರುವಷ್ಟೂ ಸಂದಿಲ್ಲದೆ.

ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಶಾಲೆಗೆ ರಜೆ. ನಮ್ಮನೆಯವರು ಕುಂದಾಪುರದ ತಮ್ಮ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿದ್ದರು. ಸೊಂಟದ ಮೂಳೆ ಮುರಿದುಕೊಂಡಿದ್ದ ಅತ್ತೆ ಮೂಡುಬದಿಯ ಕೋಣೆಯಲ್ಲಿ ಮಲಗಿದ್ದರು. ಅವರ ಕಿಟಕಿಗೂ ಪಾಗಾರಕ್ಕೂ ನಾಲ್ಕೇ ಅಡಿ.

ಆಗ ಹೊರಗಿನಿಂದ ಗುಲಾಬಿ ಅಕ್ಕನ ಕೂಗು ಕೇಳಿಸಿತು. ಜಗಳಕ್ಕೇ ಬಂದಿದ್ದಳು. ಕೊಡೆ ಹಿಡಿದು ಹೋದೆ. ಪಾಗಾರದಾಚೆ, ಗದ್ದೆಯ ಅಂಚಿನ ಮೇಲೆ ನಿಂತಿದ್ದ ಅವಳ ತಲೆ ಮಾತ್ರ ಕಾಣುತ್ತಿತ್ತು.

"ಹ್ವಾಯ್ ಟೀಚರಮ್ಮ! ನಿಮ್ ಪಾಗಾರ ನನ್ ಭತ್ತದ ನೆಟ್ಟಿ ಎಲ್ಲ ಮುಳ್ಗ್ಸಿತ್! ಈ ನೀರ್ ಎಲ್ಲಿಗ್ ಹೋಯ್ಕ್? ನನ್ ತಲಿ ಮೇಲಾ?"

"ವಾಸ್ತುವಿನವ್ರ್ ಹೇಳಿರ್ ಅಕ್ಕ..."

"ಸಮುದ್ರ ಎಲ್ಲಿತ್ ಅಂದ್ ಅವ್ರಿಗ್ ಗೊತ್ತಿಲ್ಯಾ? ಇಷ್ಟ್ ಓದಿದ್ ನಿಮ್ಗಾರೂ..."

ಅಲ್ಲಿಗೆ ಮಾತು ನಿಂತಿತು. ಗುಲಾಬಿ ಅಕ್ಕನ ಬೈಗುಳ ನಡುವೆ ನಿಂತದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಅವಳು ನೋಡುತ್ತಿದ್ದ ಕಡೆ ನೋಡಿದೆ. ಪಾಗಾರದ ನಡುವಿನ ಕಲ್ಲುಗಳ ಸಂದಿಯಿಂದ ಕೆಂಪು ನೀರು ಚಿಲುಮೆಯ ಹಾಗೆ ಚಿಮ್ಮುತ್ತಿತ್ತು. ಗೋಡೆ ನಮ್ಮ ಕಡೆಗೆ ಹೊಟ್ಟೆ ಬಿಟ್ಟಿತ್ತು.

"ಆ ಕೋಣಿಯಗೆ ಯಾರಿದ್ರ್?" ಎಂದಳು.

ಅವಳು ಗೇಟು ಸುತ್ತಿ ಹೇಗೆ ಬಂದಳೋ ತಿಳಿಯದು. ನಾನು ಒಳಗೆ ಓಡುವಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದು ಹಿಂದೆಯೇ ಇದ್ದಳು. ಇಬ್ಬರೂ ಸೇರಿ ಅತ್ತೆಯನ್ನು ಮೂಟೆಯ ಹಾಗೆ ಕುರ್ಚಿಗೆ ಎತ್ತಿದೆವು.

"ಮೆಲ್ಲ ಕಾಣಿ, ನಾನೇನ್ ಅಕ್ಕಿ ಮುಡಿಯಾ?" ಎಂದರು ಅತ್ತೆ, ನೋವಿನಲ್ಲೂ.

"ಅಕ್ಕಿ ಮುಡಿ ಆರೆ ಬಾಯ್ ಮುಚ್ಕಂಡ್ ಇರತ್ತ್," ಎಂದಳು ಗುಲಾಬಿ ಅಕ್ಕ.

ಪಡು ಬದಿಯ ಚಾವಡಿಗೆ ಬಂದು ಕುರ್ಚಿ ಇಳಿಸಿದ್ದಷ್ಟೆ. ಚಾವಡಿಯ ಗಡಿಯಾರ ಮೂರು ನಲವತ್ತು ತೋರಿಸುತ್ತಿತ್ತು. ಮನೆ ನಡುಗಿತು. ಗುಡುಗೆಂದುಕೊಂಡೆ. ಹಿಂದಿರುಗಿ ನೋಡಿದರೆ ಅತ್ತೆಯ ಕೋಣೆಯ ಕಿಟಕಿ ಚೌಕಟ್ಟು ಸಮೇತ ಒಳಗೆ ಬಿದ್ದಿತ್ತು. ಮಂಚದ ಮೇಲೆ, ಅವರ ತಲೆಯಿದ್ದ ಜಾಗದಲ್ಲೇ, ಎರಡು ಕೆಂಪುಕಲ್ಲು. ಆ ದಿಂಬನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿದರೆ ನೋಡಬಲ್ಲೆ.

ಇಡೀ ಗದ್ದೆಯ ನೀರು ಅಂಗಳಕ್ಕೆ ನುಗ್ಗಿತು. ಗೇಟು ರಸ್ತೆಯ ಎತ್ತರದಲ್ಲಿ; ನೀರಿಗೆ ಹೋಗಲು ದಾರಿಯಿಲ್ಲ. ಚಾವಡಿಯ ಮೆಟ್ಟಿಲುಗಳು ಒಂದೊಂದಾಗಿ ಮುಳುಗತೊಡಗಿದವು. ಅತ್ತೆಯನ್ನು ಮತ್ತೆ ಎತ್ತಿ ಎಲ್ಲಿಗೆ ಒಯ್ಯುವುದು? ಗುಲಾಬಿ ಅಕ್ಕ ಪಿಕಾಸಿ, ಹಾರೆ ಹುಡುಕಿಕೊಂಡು ಬಂದು, ಮೊಳಕಾಲುದ್ದ ನೀರಲ್ಲಿ ಪಡುವಣ ಗೋಡೆಯ ಬುಡ ತಡವಿ, "ಕಂಡಿ ಇದ್ದದ್ ಇಲ್ಲೇ" ಎಂದಳು. ನನ್ನ ಕೈಗೆ ಹಾರೆ ಕೊಟ್ಟಳು. ಸೀಮೆಸುಣ್ಣ ಬಿಟ್ಟು ಭಾರದ್ದೇನನ್ನೂ ಹಿಡಿಯದ ಕೈ. ಮೊದಲ ಎರಡು ಪೆಟ್ಟು ನನ್ನ ಕಾಲಿನ ಹತ್ತಿರವೇ ಬಿತ್ತು. ಮೂರನೆಯದು ಸಂದಿಗೆ ಸಿಕ್ಕಿತು. ಆಮೇಲೆ ಎಷ್ಟು ಹೊಡೆದೆನೋ ಲೆಕ್ಕವಿಲ್ಲ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದದ್ದೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕುಂದಾಪುರದಿಂದ ಬಂದ ನಮ್ಮನೆಯವರು ಗೇಟಿನಲ್ಲಿ ನಿಂತು, ಹೆಂಡತಿ ಹೊಸ ಪಾಗಾರ ಒಡೆಯುವುದನ್ನು ಕಂಡು, "ಎಂತ ಮಾಡ್ತಿದ್ದೆ ಮಾರಾಯ್ತಿ?" ಎಂದು ಕಿರುಚಿದರು.

"ವಿಜ್ಞಾನದ ಪಾಠ!" ಎಂದೆ. ಬುಡದ ಕಲ್ಲು ಜಾರಿತು. ನೀರಿಗೆ ದಾರಿ ನೆನಪಿತ್ತು. ಬೋರಿಟ್ಟು ತೋಡಿನ ಕಡೆ ಓಡಿತು, ನನ್ನ ಚಪ್ಪಲಿಯನ್ನೂ ಹೊತ್ತುಕೊಂಡು. ಮುಳುಗಿದ್ದ ಮೆಟ್ಟಿಲುಗಳು ಒಂದೊಂದಾಗಿ ಮೇಲೆದ್ದು ಬಂದವು. ನಾವು ಮೂವರೂ ಮಳೆಯಲ್ಲಿ ನಿಂತು ಮಕ್ಕಳ ಹಾಗೆ ಕೂಗಿದೆವು. ಚಾವಡಿಯಿಂದ ಅತ್ತೆ ಚಪ್ಪಾಳೆ ತಟ್ಟಿದರು.

ಆದರೆ ಗೆದ್ದ ಮೇಲೂ ನಿದ್ದೆ ಬರಲಿಲ್ಲ. ಆ ಮಳೆಗಾಲವಿಡೀ ಮಳೆಯ ಸದ್ದು ಸ್ವಲ್ಪ ಜೋರಾದರೂ ಎದ್ದು ಕೂರುತ್ತಿದ್ದೆವು. ನಮ್ಮನೆಯವರು ಟಾರ್ಚ್ ಹಿಡಿದರೆ ನಾನು ಕೊಡೆ ಹಿಡಿಯುತ್ತಿದ್ದೆ. ಬೇಸಿಗೆಯಲ್ಲಿ ಗುಲಾಬಿ ಅಕ್ಕನ ಮೇಲ್ವಿಚಾರಣೆಯಲ್ಲಿ ಮೂಡಿನಿಂದ ಪಡುವಿಗೆ ಮೂರಡಿ ಅಗಲದ ಕಲ್ಲಿನ ಕಾಲುವೆ ಕಟ್ಟಿಸಿದೆವು. ಎರಡೂ ಗೋಡೆಗಳಲ್ಲಿ ಸರಳು ಹಾಕಿದ ಕಂಡಿ. ಅಂಗಳ ಪಡುವಣಕ್ಕೆ ಬಾಗಿತು. ವಾಸ್ತುವಿನವರು ಅದನ್ನು ಕಂಡು ಲೊಚಗುಟ್ಟಿದಾಗ, ಅಷ್ಟರಲ್ಲಿ ಕೋಲೂರಿ ನಡೆಯುತ್ತಿದ್ದ ಅತ್ತೆ ಹೇಳಿದರು: "ಲಕ್ಷ್ಮಿ ಹುಟ್ಟಿದ್ದೇ ಸಮುದ್ರದಗೆ. ಬಪ್ಪುದಾರೆ ಅವ್ಳ್ ಪಡುವಿಂದ್ಲೇ ಬರ್ಕ್. ಬಾಗ್ಲ್ ಮಾಡಿ ಇಟ್ಟಿತ್, ಬರ್ಲಿ."

ಮರುವರ್ಷ ಜುಲೈಯ ಒಂದು ಬೆಳಿಗ್ಗೆ ಗುಲಾಬಿ ಅಕ್ಕನ ಸ್ವರಕ್ಕೆ ಎಚ್ಚರವಾಯಿತು. "ಹ್ವಾಯ್ ಟೀಚರಮ್ಮ, ಗಂಟೆ ಒಂಬತ್ತಾಯ್ತ್! ಇವತ್ತ್ ರಜೆ ಇಲ್ಯಲೆ!" ಎದ್ದು ನೋಡಿದರೆ ಕಾಲುವೆ ತುಂಬಿ ಪಡುವಿಗೆ ಓಡುತ್ತಿತ್ತು. ಅವಳ ನೆಟ್ಟಿ ಪಾದ ಮುಳುಗುವಷ್ಟೇ ನೀರಲ್ಲಿ ಹಸಿರಾಗಿ ನಿಂತಿತ್ತು. ಇಡೀ ರಾತ್ರಿ ಹುಚ್ಚು ಮಳೆ ಸುರಿದಿತ್ತಂತೆ. ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಶಾಲೆ ಮುಟ್ಟುವಾಗ ಎರಡನೆಯ ಪೀರಿಯಡ್ ಮುಗಿದಿತ್ತು. ಹೆಡ್‌ಮಾಸ್ಟರು ತಡವಾದದ್ದಕ್ಕೆ ಕಾರಣ ಬರೆಯುವ ಪುಸ್ತಕವನ್ನು ಮುಂದಿಟ್ಟರು. ಮೇಲಿನ ಸಾಲುಗಳಲ್ಲಿ ಎಲ್ಲರೂ ‘ಬಸ್ಸು ಸಿಗಲಿಲ್ಲ’ ಎಂದು ಬರೆದಿದ್ದರು. ನಾನು ದುಂಡಗಿನ ಅಕ್ಷರದಲ್ಲಿ ಬರೆದೆ: ‘ಒಳ್ಳೆಯ ನಿದ್ದೆ ಬಂತು.’ ಕೆಳಗೆ ಸಹಿಯನ್ನೂ ಹಾಕಿದೆ.