ಎಡಗಡೆ ಸ್ಟೀರಿಂಗು, ಬಲಗಡೆ ಗಿರಿಜಕ್ಕ

ಮೂರು ವಾರದ ಹಿಂದೆ ಒಂದು ಭಾನುವಾರ ಬೆಳಗ್ಗೆ, ಜೆ.ಪಿ. ನಗರದ ನಮ್ಮ ರಸ್ತೆಯಲ್ಲಿ, ಇಸ್ತ್ರಿ ಶರಟಿನವರೊಬ್ಬರು ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತವನ್ನು ಒಂದು ಕಾರಿನ ಮೈಮೇಲೆ ಇಂಚಿಂಚಾಗಿ ಓಡಿಸುತ್ತಿದ್ದರು. ಅಂಟಿಕೊಂಡರೆ ತಗಡು. ಜಾರಿದರೆ ಒಳಗೆ ಪುಟ್ಟಿ, ಅಂದರೆ ಯಾವತ್ತೋ ಗುದ್ದಿಸಿ ಮುಚ್ಚಿಹಾಕಿದ್ದಾರೆ ಅಂತ ಅರ್ಥ. ಕಾರಿನ ಯಜಮಾನರು ರಿಸಲ್ಟ್‌ಗೆ ಕಾಯುವ ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ಪಕ್ಕದಲ್ಲಿ ನಿಂತಿದ್ದರು.

ಯಜಮಾನರು ಅಂದರೆ ನಮ್ಮ ಎದುರುಮನೆಯ ರಾಜಶೇಖರ್. ವಯಸ್ಸು ಎಪ್ಪತ್ತೆರಡು. ಕಾರು ಅರವತ್ತರ ದಶಕದ ಮಸ್ಟಾಂಗ್, ಅಪ್ಪಟ ಅಮೆರಿಕದ್ದು. ಎಂಟು ಸಿಲಿಂಡರ್, ಉದ್ದನೆಯ ಮೂತಿ, ಕಡುಹಸಿರು ಬಣ್ಣ. ಇವರ ಕಾರ್ಖಾನೆಗೆ ಬಂದಿದ್ದ ವಿದೇಶಿ ಇಂಜಿನಿಯರ್ ಒಬ್ಬರು ತಮ್ಮೂರಿಗೆ ವಾಪಸ್ ಹೋಗುವಾಗ ಮಾರಿಹೋದದ್ದು. ಸ್ಟಾರ್ಟ್ ಮಾಡಿದರೆ ನಮ್ಮ ಅಡುಗೆಮನೆಯ ಪಾತ್ರೆಗಳೆಲ್ಲ ಸದ್ದು ಮಾಡುತ್ತವೆ.

ಆವತ್ತು ಅದನ್ನು ಮಾರುವ ಮಾತುಕತೆ. ಬಂದವರು ವ್ಯಾಲ್ಯುಯರ್. ಇಂಥ ಕಾರುಗಳನ್ನು ಕೂಡಿಡುವ ಶ್ರೀಮಂತರೊಬ್ಬರ ಪರವಾಗಿ ಬೆಲೆ ಕಟ್ಟಲು ಬಂದಿದ್ದರು. ಬರೆಯುವವರು ಪಕ್ಕದಲ್ಲಿದ್ದರೆ ಧೈರ್ಯ ಅಂತ ರಾಜಶೇಖರ್ ನನ್ನನ್ನೂ ಕರೆದಿದ್ದರು. (ಕಾರಿನ ಬಗ್ಗೆ ನನಗೆ ಗೊತ್ತಿರುವುದು ಪೆಟ್ರೋಲ್ ದುಬಾರಿ ಅನ್ನುವುದಷ್ಟೇ.)

ಒಂದು ಗಂಟೆಯಲ್ಲಿ ಎಷ್ಟೊಂದು ಕಲಿತೆ ಗೊತ್ತಾ? ಆ ಲೋಕದಲ್ಲಿ ಹೊಸದಕ್ಕೆ ಮರ್ಯಾದೆಯಿಲ್ಲ, ಒರಿಜಿನಲ್‌ಗೆ ಮಾತ್ರ. ಇಂಜಿನ್ ಮೇಲಿನ ನಂಬರು ಬಾಡಿಯ ಮೇಲಿನ ನಂಬರಿಗೆ ತಾಳೆಯಾಗಬೇಕು. ಕಂಪನಿಯ ಬಣ್ಣ ಮಾಸಿದ್ದರೂ ಸರಿ, ಮೇಲೆ ಬಳಿದಿರಬಾರದು. ನಾವು ವಯಸ್ಸು ಮುಚ್ಚಲು ತಲೆಗೆ ಬಣ್ಣ ಹಚ್ಚುತ್ತೇವೆ. ಈ ಕಾರಿಗೆ ಬಣ್ಣ ಹಚ್ಚಿದರೆ ಬೆಲೆಯೇ ಇಳಿಯುತ್ತದೆ.

ವ್ಯಾಲ್ಯುಯರ್ ತುಂಬ ಖುಷಿಪಟ್ಟದ್ದು ಸ್ಟೀರಿಂಗ್ ನೋಡಿ. ಅದು ಅಮೆರಿಕದಲ್ಲಿದ್ದಂತೆ ಎಡಗಡೆಯೇ ಇತ್ತು. ಇಲ್ಲಿಗೆ ಬಂದ ಎಷ್ಟೋ ಕಾರುಗಳಲ್ಲಿ ಅದನ್ನು ಬಲಕ್ಕೆ ಬದಲಾಯಿಸಿ ಕೆಡಿಸಿದ್ದಾರಂತೆ.

ಆದರೆ ಎಡಗಡೆ ಕೂತು ಓಡಿಸುವವರಿಗೆ ಮುಂದಿನ ಬಸ್ಸಿನಾಚೆ ಏನು ಬರುತ್ತಿದೆ ಅಂತ ಕಾಣುವುದಿಲ್ಲ. ಬಲಗಡೆ ಕೂತವರು ಬಗ್ಗಿ ನೋಡಿ ಹೇಳಬೇಕು. ನಲವತ್ತು ವರ್ಷದಿಂದ ಆ ಕೆಲಸ ರಾಜಶೇಖರ್ ಅವರ ಹೆಂಡತಿ ಗಿರಿಜಕ್ಕನದು. ಪ್ರತಿ ಭಾನುವಾರ ಕನಕಪುರ ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ಹೊರಡುತ್ತಿದ್ದರು. ಗಿರಿಜಕ್ಕ "ಹೋಗಿ" ಅಂದರೆ ಓವರ್‌ಟೇಕ್. "ತಡೀರಿ" ಅಂದರೆ ಬಸ್ಸಿನ ಹೊಗೆ ಕುಡಿಯುತ್ತಾ ಹಿಂದೆಯೇ.

ಈಚೆಗೆ ಎರಡು ವರ್ಷದಿಂದ ಅವರು "ಹೋಗಿ" ಅನ್ನುವುದನ್ನೇ ಬಿಟ್ಟಿದ್ದರು. ಖಾಲಿ ರಸ್ತೆಯಲ್ಲೂ "ತಡೀರಿ". ಇದು ನಮ್ಮ ಬೀದಿಗೆಲ್ಲ ಗೊತ್ತಿತ್ತು, ಯಾಕೆಂದರೆ ರಾಜಶೇಖರ್ ಅದನ್ನು ಜೋಕ್ ಮಾಡಿ ಹೇಳಿಕೊಂಡು ಬಂದಿದ್ದರು. ಇದು ಮಸ್ಟಾಂಗೋ ಎತ್ತಿನ ಗಾಡಿಯೋ ಅಂತ ನಾನೂ ಒಮ್ಮೆ ಗಿರಿಜಕ್ಕನನ್ನೇ ರೇಗಿಸಿದ್ದೆ. ಅವರು ನಕ್ಕಿದ್ದರು.

ಕಾರು ಮಾರುವುದಕ್ಕೆ ಕಾರಣವೂ ಇದೇ. ದುಡ್ಡಿನ ಅಡಚಣೆಯೇನೂ ಇರಲಿಲ್ಲ. ಇವಳಿಗೆ ಕಾರು ಅಂದರೆ ಭಯ ಹತ್ತಿಬಿಟ್ಟಿದೆ, ಸುಮ್ಮನೆ ಯಾಕೆ ಹಿಂಸೆ ಕೊಡಲಿ ಅಂತ ಅವರು ನನ್ನ ಹತ್ತಿರ ಹೇಳಿದ್ದರು. ಹೇಳುವಾಗ ಬಾನೆಟ್ ಒರೆಸುತ್ತಲೇ ಇದ್ದರು. ಮಾರಲು ಅವರಿಗೆ ಎಳ್ಳಷ್ಟೂ ಮನಸ್ಸಿಲ್ಲ ಅನ್ನುವುದು ಯಾರಿಗಾದರೂ ತಿಳಿಯುತ್ತಿತ್ತು.

ಅಯಸ್ಕಾಂತದ ಪರೀಕ್ಷೆ ಮುಗಿದ ಮೇಲೆ ಟೆಸ್ಟ್ ಡ್ರೈವ್. ವ್ಯಾಲ್ಯುಯರ್ ಬಲಗಡೆ ಸೀಟಿನಲ್ಲಿ ಕೂತರು. ಗಿರಿಜಕ್ಕ ಮತ್ತು ನಾನು ಹಿಂದೆ. (ಮಸ್ಟಾಂಗಿನ ಹಿಂದಿನ ಸೀಟು ಮನುಷ್ಯರಿಗಾಗಿ ಮಾಡಿದ್ದಲ್ಲ, ಮಂಡಿ ಗದ್ದಕ್ಕೆ ಬರುತ್ತದೆ.) ಅಂಜನಾಪುರದ ತಿರುವು ದಾಟಿದ ಮೇಲೆ ಮುಂದೆ ಒಂದು ಲಾರಿ. ವ್ಯಾಲ್ಯುಯರ್ ಬಗ್ಗಿ ನೋಡಿ ಖಾಲಿಯಿದೆ ಅಂದರು. ರಾಜಶೇಖರ್ ಒತ್ತಿದರು ನೋಡಿ, ಇಂಜಿನ್ ಗುಡುಗಿತು, ಲಾರಿ ಹಿಂದಾಯಿತು, ಅವರ ವಯಸ್ಸು ಇಪ್ಪತ್ತೈದಾಯಿತು.

ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತಾ ಅಂದರು, "ನೋಡಿದ್ಯಾ ಗಿರಿಜಾ? ಇಷ್ಟೇ. ಸ್ವಲ್ಪ ಧೈರ್ಯ ಬೇಕು."

ನಾನು ಜೋರಾಗಿಯೇ ನಕ್ಕೆ. ಗಿರಿಜಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು.

ಮನೆಗೆ ಬಂದು ಕಾಫಿ ಆಯಿತು. ಕಾರು ಇರುವುದು ಗಿರಿಜಕ್ಕನ ಹೆಸರಿನಲ್ಲಿ, ಹಾಗಾಗಿ ಮಾರಾಟಕ್ಕೆ ಅವರ ಒಪ್ಪಿಗೆಯ ಸಹಿ ಬೇಕಿತ್ತು. ವ್ಯಾಲ್ಯುಯರ್ ದೊಡ್ಡದಾಗಿ ಇಂಟು ಗುರುತು ಹಾಕಿ ಕಾಗದ ಮುಂದಿಟ್ಟರು. ಗಿರಿಜಕ್ಕ ಎಲ್ಲಿ ಅಂತ ಕೇಳಿದರು. ಅವರು ಬೆರಳಿಟ್ಟು ತೋರಿಸಿದರು. ಗಿರಿಜಕ್ಕ ಇನ್ನೊಮ್ಮೆ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟುಬಿಟ್ಟರು.

"ನನಗೆ ಭಯ ಇಲ್ಲಾರೀ," ಅಂದರು ಗಂಡನಿಗೆ. "ಕಣ್ಣು ಕಾಣಿಸ್ತಿಲ್ಲ. ಪಕ್ಕದ್ದು ಕಾಣ್ಸತ್ತೆ, ನೇರ ನೋಡಿದ್ದೆಲ್ಲ ಮಸುಕು. ಎರಡು ವರ್ಷ ಆಯ್ತು. ಎದುರಿಗೆ ಗಾಡಿ ಇದ್ಯೋ ಇಲ್ವೋ ಗೊತ್ತಾಗ್ದೆ ಹೋಗಿ ಅಂತ ಹೆಂಗ್ ಹೇಳ್ಲಿ?"

ರಾಜಶೇಖರ್ ಹೆಂಡತಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಯಾಕೆ ಹೇಳಲಿಲ್ಲ ಅಂತ ಕೇಳಿದರು.

"ಹೇಳಿದ್ರೆ ನೀವು ಕಾರಿಗೆ ಟಾರ್ಪಾಲ್ ಹೊದಿಸಿ ಕೂರ್ತಿದ್ರಿ. ನಿಮಗೆ ಇರೋದು ಅದೊಂದು ಖುಷಿ."

ನನಗೆ ಅಲ್ಲಿ ಕೂರಲೂ ನಾಚಿಕೆಯಾಯಿತು. ಹೆಂಡತಿಗಾಗಿ ಅವರು ಕಾರು ಮಾರಹೊರಟಿದ್ದರು, ಗಂಡನಿಗಾಗಿ ಇವರು ಕಣ್ಣಿನ ವಿಷಯ ಮುಚ್ಚಿಟ್ಟಿದ್ದರು. ನಡುವೆ ಇದ್ದದ್ದು ಒಂದು ಗೇರ್ ಲಿವರ್. ಎಷ್ಟು ಜನ ಎಷ್ಟು ಅಣಕಿಸಿದರೂ, ಹೇಡಿ ಅನ್ನಿಸಿಕೊಂಡರೂ, ಕಾಣದೆ ಒಂದು ಸಲವೂ "ಹೋಗಿ" ಅನ್ನಲಿಲ್ಲವಲ್ಲ, ಆ ಹೆಂಗಸಿನ ಧೈರ್ಯಕ್ಕೆ ಯಾವ ವ್ಯಾಲ್ಯುಯರ್ ಬೆಲೆ ಕಟ್ಟುತ್ತಾರೆ?

ಸ್ಟೀರಿಂಗ್ ಬಲಕ್ಕೆ ಹಾಕಿಸಿದರೆ ಏನಾಗುತ್ತದೆ ಅಂತ ರಾಜಶೇಖರ್ ಕೇಳಿದರು. ವ್ಯಾಲ್ಯುಯರ್ ಗಾಬರಿಯಾದರು. ಬೆಲೆ ಅರ್ಧಕ್ಕೆ ಇಳಿಯುತ್ತದೆ, ಆಮೇಲೆ ನಮ್ಮ ಪಾರ್ಟಿ ತಿರುಗಿಯೂ ನೋಡುವುದಿಲ್ಲ ಅಂದರು. ರಾಜಶೇಖರ್ ಕಾಗದ ಮಡಿಸಿ ಅವರ ಕೈಗೇ ಕೊಟ್ಟರು.

ಮಾರನೇ ದಿನವೇ ಜಯನಗರದಲ್ಲಿ ಕಣ್ಣಿನ ಡಾಕ್ಟರು. ಎಡಗಣ್ಣಿನಲ್ಲಿ ಹೋದ ದೃಷ್ಟಿ ಬರುವುದಿಲ್ಲ, ಬಲಗಣ್ಣನ್ನು ಇಂಜೆಕ್ಷನ್ ಕೊಟ್ಟು ಉಳಿಸಲು ನೋಡೋಣ ಅಂದರಂತೆ. ಎರಡು ವರ್ಷದ ಹಿಂದೆಯೇ ಬಂದಿದ್ದರೆ ಅಂತ ಶುರುಮಾಡಿ, ಇಬ್ಬರ ಮುಖ ನೋಡಿ ನಿಲ್ಲಿಸಿದರಂತೆ.

ಕಾರು ಈಗ ಗ್ಯಾರೇಜಿನಲ್ಲಿದೆ, ಸ್ಟೀರಿಂಗ್ ಬಿಚ್ಚಿದ್ದಾರೆ. ಮೊನ್ನೆ ಗೇಟಿನ ಹತ್ತಿರ ರಾಜಶೇಖರ್ ಸಿಕ್ಕಿದ್ದರು. "ಬೆಲೆ ಹೋಗಿದ್ದಕ್ಕೆ ಬೇಜಾರಿಲ್ಲಮ್ಮ," ಅಂದರು. "ಅವಳಿಗೆ ಧೈರ್ಯ ಇಲ್ಲ ಅಂತ ಊರೆಲ್ಲ ಹೇಳ್ಕೊಂಡ್ ಬಂದ್ನಲ್ಲ, ಒಂದ್ ಸಲ ಯಾಕೆ ಅಂತ ಅವಳನ್ನ ಕೇಳ್ಲಿಲ್ಲ."

ನಮ್ಮ ಅತ್ತೆ ಆರು ತಿಂಗಳಿಂದ ಯಾವ ಸಮಾರಂಭಕ್ಕೂ ಬರುತ್ತಿಲ್ಲ. ಅವರಿಗೆ ಜನ ಸೇರಿದರೆ ಆಗುವುದಿಲ್ಲ ಅಂತ ನಾನೇ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಕಾರಣ ಕೇಳಿಲ್ಲ. ಈ ಅಂಕಣ ಕಳಿಸಿದ ಮೇಲೆ ಕೇಳೋಣ ಅಂದುಕೊಂಡೆ.

ಕಳಿಸಿದ ಮೇಲೆ ಯಾಕೆ?