ಏನೂ ಮಾರದವನ ಪುಟ

ಇಂಟರ್ನೆಟ್ಟಿಗೆ ಏರುವ ಪ್ರತಿ ಪುಟವನ್ನೂ ದಿಲ್ಲಿಯಲ್ಲಿ ಯಾರೋ ಒಬ್ಬ ಸಾಹೇಬರು ಓದಿ, ತಪ್ಪು ತಿದ್ದಿ, ಸಿಕ್ಕಾ ಹೊಡೆದು ಬಿಡುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ. ಸಿನಿಮಾಕ್ಕೆ ಸೆನ್ಸಾರ್ ಇದ್ದಂತೆ ಇದಕ್ಕೂ ಇರಬೇಕಲ್ಲ! ಇಂಥ ಜ್ಞಾನಿಯನ್ನು ಉಣಕಲ್ಲಿನ ಒಂದು ಸೈಬರ್ ಕೆಫೆಯ ಮಾಲೀಕರು ಸಂಬಳ ಕೊಟ್ಟು ಕೂರಿಸಿದ್ದರು. ಜನ ‘ಕಂಪ್ಯೂಟರ್ ಸರ್’ ಎನ್ನುತ್ತಿದ್ದರು. ನಾನೂ ನಾಚಿಕೆಯಿಲ್ಲದೆ ಓಗೊಡುತ್ತಿದ್ದೆ.

೨೦೦೩ರ ಮಳೆಗಾಲದಲ್ಲಿ ರತ್ನವ್ವ ಈ ಸರ್‌ನನ್ನು ಹುಡುಕಿಕೊಂಡು ಬಂದರು. ಕೆಫೆಯ ಹಿಂದಿನ ಓಣಿಯವರು. ಗಂಡ ತೀರಿದ ಮೇಲೆ ಶೇಂಗಾ ಚಟ್ನಿ ಕುಟ್ಟಿ ಅಂಗಡಿಗಳಿಗೆ ಹಾಕುತ್ತಿದ್ದರು. ಮಗಳು ವಾಣಿಶ್ರೀಯ ಕಾಲೇಜು ನಡೆಯುತ್ತಿದ್ದುದು ಆ ಚಟ್ನಿಯಿಂದ. ನನ್ನ ಊಟ ಗಂಟಲಲ್ಲಿ ಇಳಿಯುತ್ತಿದ್ದುದೂ ಅದರಿಂದಲೇ. ಅವರ ಕೈಯಲ್ಲಿ ಒಂದು ಹಾಳೆಯಿತ್ತು. ಯಾರೋ ಇಂಟರ್ನೆಟ್ಟಿನಿಂದ ಮುದ್ರಿಸಿಕೊಂಡದ್ದು: ಶೇಂಗಾ ತಿಂದರೆ ಲಿವರ್ ಕೊಳೆಯುತ್ತದೆ. ರಾಯಾಪುರದ ಕಿರಾಣಿ ಅಂಗಡಿಯ ಕುಬೇರಪ್ಪ ಅದನ್ನೋದಿ ಚಟ್ನಿ ಪಾಕೀಟುಗಳನ್ನು ವಾಪಸ್ ಕೊಟ್ಟಿದ್ದ. ಅವನು ಕೊಳ್ಳುವುದನ್ನು ನಿಲ್ಲಿಸಿದರೆ ಉಳಿದ ಅಂಗಡಿಯವರೂ ನಿಲ್ಲಿಸುತ್ತಾರೆ.

“ಇದು ಖರೇನೋ ಸುಳ್ಳೋ ನೋಡಿ ಹೇಳಪಾ.”

“ಇಂಟರ್ನೆಟ್ಟಿನಾಗ ಬಂದೈತಂದ್ರ ಖರೇನ ಇರತೈತ್ರಿ ಅಕ್ಕಾರ,” ಎಂದೆ.

“ಹಂಗಾರ ದಿನಾ ಮುಕ್ಕೂ ನೀ ಇನ್ನೂ ಹೆಂಗ ಬದಕೀಯೋ?”

ಮರ್ಯಾದೆಗೆ ಅಂಜಿ ಹುಡುಕಿದೆ. ಇನ್ನೊಂದು ಪುಟ ಸಿಕ್ಕಿತು: ಶೇಂಗಾ ಅಮೃತ, ಕಣ್ಣು ಮುಚ್ಚಿ ತಿನ್ನಿ. ಎರಡಕ್ಕೂ ಸಿಕ್ಕಾ ಹೊಡೆದ ಸಾಹೇಬರು ಒಬ್ಬರೇ ಆಗಿದ್ದರೆ ಅವರು ಕುಡಿದಿರಬೇಕು. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ರತ್ನವ್ವ, “ಮಾರೂ ಮಂದಿ ನಾವು, ನಮಗ ಗೊತ್ತೈತಿ. ಇಂವ ಏನ ಮಾರತಾನ ಅದನ್ನ ಮೊದಲ ನೋಡು,” ಎಂದರು.

ಪುಟದ ತಳಕ್ಕೆ ಹೋದೆ. ಅಮೃತದವನು ಶೇಂಗಾ ಎಣ್ಣೆ ಮಾರುತ್ತಿದ್ದ. ಹಾಳೆಯಲ್ಲಿದ್ದ ವಿಳಾಸ ತೆರೆದರೆ, ಅಲ್ಲಿ ಲಿವರ್ ತೊಳೆಯುವ ಚೂರ್ಣ.

“ಏನೂ ಮಾರದಾಂವ ಒಬ್ಬನರ ಇದ್ದಾನೇನು?”

ಇದ್ದ. ಕೃಷಿ ಸಂಶೋಧಕರ ಒಂದು ಪುಟ. ಚಿತ್ರವಿಲ್ಲ, ಬಣ್ಣವಿಲ್ಲ, ತೆರೆದುಕೊಳ್ಳಲು ಒಂದು ಚಹಾ ಕುಡಿಯುವಷ್ಟು ಹೊತ್ತು. ನನ್ನ ಕುಂಟು ಇಂಗ್ಲಿಷಿಗೆ ಡಿಕ್ಷನರಿಯ ಊರುಗೋಲು ಕೊಟ್ಟು ಓದಿ ಹೇಳಿದೆ. ಒಳ್ಳೆಯ ಶೇಂಗಾಕ್ಕೆ ಹೆದರಬೇಕಿಲ್ಲ. ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಕಾಳಿನಲ್ಲಿ ಮಾತ್ರ ವಿಷ ಇರಬಹುದು. ವರ್ಷಗಟ್ಟಲೆ ತಿಂದರೆ ಲಿವರಿಗೆ ಅಪಾಯ.

ಗೆದ್ದೆವೆಂದು ನಾನು ನಕ್ಕೆ. ರತ್ನವ್ವ ನಗಲಿಲ್ಲ.

“ಹುರದ್ರ ಹೋಗತೈತೋ ಇಲ್ಲೋ?”

“ಸ್ವಲ್ಪ ಹೋಗತೈತಂತ್ರಿ. ಪೂರಾ ಹೋಗೂದಿಲ್ಲಂತ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಮಳಿಗಾಲದಾಗ ಹಸಿ ಹಿಡದ ಚೀಲ ಅಗ್ಗಕ್ಕ ಸಿಗತಾವು. ಬುರಸ ಬಂದ ಕಾಳೂ ಇರತಾವು ಅದರಾಗ. ಕರ್ರಗ ಹುರದು, ಬಳ್ಳೊಳ್ಳಿ ಜಾಸ್ತಿ ಬಡದ್ರ ವಾಸನಿ ಬರೂದಿಲ್ಲ. ನಮ್ಮತ್ತಿ ಕಲಿಸಿದ್ದು. ಎಲ್ಲಾರೂ ಹಂಗ ಮಾಡತಾರ.”

ಆ ಬೆಳ್ಳುಳ್ಳಿಯ ಘಾಟನ್ನೇ ನಾನು ‘ಮನೆಯ ರುಚಿ’ ಎಂದು ಊರೆಲ್ಲ ಹೊಗಳಿಕೊಂಡು ತಿರುಗಿದ್ದೆ.

ಮನೆಯಲ್ಲಿದ್ದ ಚೀಲಗಳನ್ನು ಅವರು ತಿಪ್ಪೆಗೆ ಸುರಿದರು, ದನಕ್ಕೂ ಹಾಕಲಿಲ್ಲ. ಒಳ್ಳೆಯ ಶೇಂಗಾ ತಂದು, ಆರಿಸಿ ಕುಟ್ಟಿದರು. ಬೆಲೆ ಏರಿತು. ಆ ಸಂಶೋಧಕರ ಪುಟವನ್ನು ನನ್ನಿಂದ ಮುದ್ರಿಸಿಕೊಂಡು ಹೋಗಿ ಕುಬೇರಪ್ಪನ ಮುಂದೆ ಹಿಡಿದರು. ಅವನು ಅದನ್ನು ಓದಲಿಲ್ಲ, ಹೊಸ ಚಟ್ನಿಯನ್ನು ಚಿಟಿಕೆ ಬಾಯಿಗೆ ಹಾಕಿಕೊಂಡು, “ಖರೇ ಹೇಳ್ಲ್ಯಾ ಅಕ್ಕಾರ? ಮೊದಲಿನ ಚಟ್ನೀನ ರುಚಿ ಇತ್ತು ನೋಡ್ರಿ. ಇದು ತುಟ್ಟಿ ಬ್ಯಾರೆ,” ಎಂದನಂತೆ.

ಸ್ವಲ್ಪ ದಿನದಲ್ಲೇ ಅವನ ಅಂಗಡಿಗೆ ಬೇರೊಬ್ಬರ ಅಗ್ಗದ ಚಟ್ನಿ ಬಂತು. ಪಾಕೀಟುಗಳ ಮೇಲ್ಗಡೆ ‘ಶೇಂಗಾ ಅಮೃತ’ದ ಪುಟ ತೂಗುಬಿತ್ತು. ಅದನ್ನು ಮುದ್ರಿಸಿ, ಅಂದವಾಗಿ ಲ್ಯಾಮಿನೇಷನ್ ಮಾಡಿಕೊಟ್ಟವನು ಕಂಪ್ಯೂಟರ್ ಸರ್. ಗಿರಾಕಿ ಕೇಳಿದ್ದನ್ನು ಕೊಡುವುದೇ ನನ್ನ ನೌಕರಿ.

ಉಳಿದ ಅಂಗಡಿಗಳೂ ಅಗ್ಗದ್ದಕ್ಕೇ ಹೊರಳಿದವು. ಮರುವರ್ಷದ ಮಳೆಗಾಲಕ್ಕೆ ಮೊದಲೇ ರತ್ನವ್ವನವರ ಒರಳು ಮೂಲೆ ಸೇರಿತು. ವಾಣಿಶ್ರೀ ಕಾಲೇಜು ಬಿಟ್ಟು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ರತ್ನವ್ವ ಈಗ ಸತ್ತೂರಿನ ಕಡೆ ಒಂದು ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುತ್ತಾರೆ. ಅಲ್ಲಿ ರೊಟ್ಟಿಯ ಮಗ್ಗುಲಿಗೆ ಬಡಿಸುವುದು ಅದೇ ಅಗ್ಗದ ಚಟ್ನಿಯನ್ನು.

ಮೊನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ನಾಲ್ಕು ಒಳ್ಳೆಯ ಮಾತು ಬಿದ್ದಾವೆಂಬ ಆಸೆಯಿಂದ ಕೇಳಿಯೇಬಿಟ್ಟೆ: “ಅಕ್ಕಾರ, ಅವತ್ತ ನಾ ಆ ಪುಟ ತೋರಿಸಿದ್ದು ಛಲೋ ಆತೋ, ಕೆಟ್ಟ ಆತೋ?”

“ಕೆಟ್ಟ ಆತು,” ಎಂದರು, ಬಸ್ಸು ಬರುವ ದಾರಿಯಿಂದ ಕಣ್ಣು ತೆಗೆಯದೆ. “ಎಣ್ಣಿ ಮಾರಾಂವನ ಪುಟ ತೋರಿಸಿ ಸುಮ್ಮನ ಕುಂತಿದ್ರ ನಿನ್ನ ಗಂಟೇನ ಹೋಗತಿತ್ತು?”