ಎರಡರಲ್ಲೂ ಬಿಳಿ ಹೂ

ಮೊದಲೇ ಹೇಳಿಬಿಡುತ್ತೇನೆ, ನಾನು ದೇವರನ್ನು ನಂಬಿದವನಲ್ಲ. ಸೇಲಂನಲ್ಲಿ ನಾನು ಬೆಳೆದ ಕಾಲವೇ ಹಾಗಿತ್ತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಊರ ತುಂಬ ದೇವರಿಲ್ಲ ಎನ್ನುವ ಭಾಷಣಗಳು. ಸಂಜೆ ಮಗ್ಗದಿಂದ ಎದ್ದವನೇ ಆ ಭಾಷಣಕಾರರ ಹಾಗೆ ಕರಿ ಅಂಗಿ ತೊಟ್ಟು ಅಲ್ಲಿಗೆ ಓಡುತ್ತಿದ್ದೆ. ಕೇಳಿದ್ದನ್ನೆಲ್ಲ ಮನೆಗೆ ಬಂದು ಅವ್ವನ ಮುಂದೆ ಒಪ್ಪಿಸುತ್ತಿದ್ದೆ. 'ದೇವ್ರಿಲ್ದಿದ್ರೂ ಮುದ್ದೆ ಐತೆ, ಉಣ್ಣಾಕ್ ಬಾ' ಎನ್ನುತ್ತಿದ್ದಳು ಅವ್ವ. ಇಂಥ ನನಗೆ ಒಂದು ಶುಕ್ರವಾರ ಬೆಳಿಗ್ಗೆ ಆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹೇಗಾಯಿತು ಎಂದು ಮಾತ್ರ ನನ್ನನ್ನು ಕೇಳಬೇಡಿ.

ನಮ್ಮದು ನೇಕಾರರ ಮನೆ. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನೆಲದಲ್ಲಿ ಗುಂಡಿ ತೋಡಿ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಎರಡಿದ್ದವು. ಒಂದು ನನ್ನದು, ಇನ್ನೊಂದು ಅಣ್ಣ ರಾಮಣ್ಣನದು. ಅಣ್ಣನಿಗೆ ಪವರ್‌ಲೂಮಿನ ಹುಚ್ಚು, ಅಪ್ಪನಿಗೆ ಅದರ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಒಂದು ದಿನ ಮಾತಿಗೆ ಮಾತು ಬೆಳೆದು, ಅರ್ಧ ನೇಯ್ದ ಸೀರೆಯನ್ನು ಮಗ್ಗದ ಮೇಲೆಯೇ ಬಿಟ್ಟು ಅಣ್ಣ ಎದ್ದು ಹೋದ. ಹಾಸು ಮುಗಿಸದೆ ಎದ್ದವನು ನೇಕಾರನೇ ಅಲ್ಲ ಎಂದು ಅಪ್ಪ ಬೀದಿಯ ಕೊನೆಯವರೆಗೂ ಕೇಳುವಂತೆ ಕೂಗಿದ. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು. ಎರಡು ವರ್ಷ ಕಳೆದರೂ ಅಣ್ಣನ ಸುದ್ದಿ ಬರಲಿಲ್ಲ.

ಬಂದ ಸುದ್ದಿಯೂ ಕೆಟ್ಟದ್ದೇ. ಕಾರಿಮಂಗಲಂ ಕಡೆಯ ನೆಂಟನೊಬ್ಬ ಬಂದು, ಅಲ್ಲೊಂದು ಕೆರೆಯಲ್ಲಿ ಹೆಣ ಸಿಕ್ಕಿತ್ತಂತೆ, ಯಾರೂ ಕೇಳಿ ಬಾರದೆ ಊರವರೇ ಹೂತರಂತೆ, ಅಂಗಿ ನಮ್ಮ ರಾಮಣ್ಣನ ಅಂಗಿಯ ಹಾಗೇ ಇತ್ತಂತೆ ಎಂದ. ಅಪ್ಪ ಅವತ್ತು ಕೂತವನು ಏಳಲಿಲ್ಲ. ಸತ್ತವನ ಹಾಸು ಮಗ್ಗದ ಮೇಲೆ ಇರಬಾರದು, ಕೊಯ್ದು ತೆಗೆಯಬೇಕು ಎಂಬುದು ನಮ್ಮ ಬೀದಿಯ ಪದ್ಧತಿ. ಹಾಸು ಕೊಯ್ದರೆ ಅಣ್ಣ ಸತ್ತನೆಂದು ಒಪ್ಪಿದಂತೆ. ಅದಾದ ಮೇಲೆ ಅತ್ತಿಗೆಯ ತಾಳಿ ತೆಗೆಸುತ್ತಾರೆ.

ಅತ್ತಿಗೆ ನಂಜಮ್ಮ ಅಳಲಿಲ್ಲ. ದಿನಾ ಬೆಳಿಗ್ಗೆ ಆ ಹಾಸಿನ ಮೇಲಿನ ಧೂಳು ಒರೆಸುತ್ತಿದ್ದವಳು ಅವತ್ತೂ ಒರೆಸಿದಳು. ನಾನು ತಡೆಯಲಾರದೆ, ಅವನು ಬರುತ್ತಾನೆಂದು ಇನ್ನೂ ನಂಬಿದ್ದೀಯಾ ಎಂದು ಕೇಳಿದೆ.

'ನಂಬಾದ್ ಯಾಕ್ಲಾ? ನಂಗೆ ತೆರಿಯುಂ' ಎಂದಳು. 'ಚೌಡಮ್ಮ ಅವ್ಳೆ ಅಂತ ಎಂಗ್ ತೆರಿಯುಮೋ ಅಂಗೇ.'

ನಂಬು ಎನ್ನುವುದು ತಮಿಳಿಗೂ ಕನ್ನಡಕ್ಕೂ ಒಂದೇ ಮಾತು. ತೆರಿಯುಂ ಮಾತ್ರ ತಮಿಳಿನದು. ಗೊತ್ತು ಎಂದೂ ಅದಕ್ಕೆ ಅರ್ಥ, ಕಾಣುತ್ತದೆ ಎಂದೂ ಅರ್ಥ. ನಾನು ಒಂದು ಕೇಳಿದರೆ ಅವಳು ಇನ್ನೊಂದು ಹೇಳಿದ್ದಳು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡೆ.

ಬೀದಿಯ ಹಿರಿಯರು ಸೇರಿ, ಶುಕ್ರವಾರ ಬೆಳಿಗ್ಗೆ ನಮ್ಮ ಕುಲದೇವತೆ ಚೌಡಮ್ಮನ ಗುಡಿಯಲ್ಲಿ ಹೂ ಕೇಳುವುದು ಎಂದು ತೀರ್ಮಾನಿಸಿದರು. ಎಲೆಯ ಪೊಟ್ಟಣ ಎರಡು, ಒಂದರಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು. ಎಳೆಯ ಮಗುವೊಂದು ಒಂದನ್ನು ಎತ್ತುತ್ತದೆ. ಬಿಳಿ ಬಂದರೆ ಹಾಸು ಇರಲಿ, ಕೆಂಪು ಬಂದರೆ ಕೊಯ್ಯಲಿ. ಪೊಟ್ಟಣ ಕಟ್ಟುವ ಕೆಲಸ ಪೂಜಾರಿ ನನಗೇ ಕೊಟ್ಟ. ದೇವರನ್ನೇ ನಂಬದವನಿಗೆ ಯಾವ ಕಡೆಯ ಆಸೆಯೂ ಇರುವುದಿಲ್ಲವಂತೆ!

ಆಸೆ ನನಗಿತ್ತು. ಕಲ್ಲಿನ ಮಾತು ಕೇಳಿ ಒಬ್ಬ ಹೆಂಗಸಿನ ಕೊರಳು ಬರಿದು ಮಾಡುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಗುಡಿಯ ಹಿಂದೆ ಹೋಗಿ, ಪೂಜಾರಿ ಕೊಟ್ಟ ಕೆಂಪು ಹೂವನ್ನು ಪಂಚೆಯ ಸೊಂಟದ ಮಡಿಕೆಗೆ ಸಿಕ್ಕಿಸಿಕೊಂಡೆ. ಅಲ್ಲೇ ಇದ್ದ ಗಿಡದಿಂದ ಇನ್ನೊಂದು ಬಿಳಿ ಹೂ ಕಿತ್ತೆ. ಎರಡು ಪೊಟ್ಟಣಕ್ಕೂ ಬಿಳಿಯನ್ನೇ ಇಟ್ಟು ನನ್ನ ಕೈಯಾರೆ ಬಾಳೆನಾರಿನಿಂದ ಬಿಗಿದೆ. ಅಮ್ಮನ ಪಾದದಡಿ ಇಡುವವರೆಗೂ ಅವು ನನ್ನ ಕೈ ಬಿಟ್ಟು ಹೋಗಲಿಲ್ಲ. ಇಟ್ಟ ಮೇಲೂ ನನ್ನ ಕಣ್ಣು ಅವುಗಳ ಮೇಲೇ ಇತ್ತು.

ಎದುರುಮನೆಯ ಪುಟ್ಟಿ ಹೋಗಿ ಒಂದನ್ನು ಎತ್ತಿಕೊಂಡು ಬಂದಳು. ಪೂಜಾರಿ ಬಿಚ್ಚಿದ.

ಕೆಂಪು ಹೂವಿತ್ತು.

ಅವ್ವ ಗೊಳೋ ಎಂದು ಅತ್ತಳು. ಆ ಗದ್ದಲದಲ್ಲಿ ನಾನು ಉಳಿದ ಪೊಟ್ಟಣವನ್ನು ಬಾಚಿ ಕಂಬದ ಮರೆಗೆ ಹೋಗಿ ಬಿಚ್ಚಿದೆ. ಬಿಳಿ. ಸೊಂಟ ತಡವಿದೆ. ಪೂಜಾರಿ ಕೊಟ್ಟ ಕೆಂಪು ಹೂ ಬಾಡಿಕೊಂಡು ಅಲ್ಲೇ ಇತ್ತು. ಹಾಗಾದರೆ ಪೊಟ್ಟಣದೊಳಗಿನ ಕೆಂಪು ಎಲ್ಲಿಂದ ಬಂತು? ಇಷ್ಟೇ ನಾನು ಕಣ್ಣಾರೆ ಕಂಡದ್ದು.

ಅತ್ತಿಗೆ ಮಾತ್ರ ನಗುಮುಖದಲ್ಲೇ ಮನೆಗೆ ಬಂದಳು. ಅಣ್ಣನ ಮಗ್ಗದ ಗುಂಡಿಗಿಳಿದು, ಅವನು ಕೂರುತ್ತಿದ್ದ ಜಾಗದಲ್ಲಿ ಕೂತು, ತಾನೇ ಕತ್ತರಿ ಹಿಡಿದು ಹಾಸು ಕೊಯ್ದಳು. ಅರ್ಧ ಸೀರೆಯನ್ನು ನೀಟಾಗಿ ಮಡಿಸಿ ಪೆಟ್ಟಿಗೆಗಿಟ್ಟಳು. ಮುತ್ತೈದೆತನದ ಮಾತೆತ್ತಲು ಹಿರಿಯ ಹೆಂಗಸರು ಹತ್ತಿರ ಬಂದಾಗ ತಲೆ ಎತ್ತಿ ನೋಡಿದಳು.

'ಆಸು ಕುಯ್ಲಾ ಅಂತ ಕೇಳಿದ್ರಿ, ಅಮ್ಮ ಕುಯ್ಯಿ ಅಂದ್ಲು. ತಾಳಿ ಕುಯ್ಯಿ ಅಂದ್ಲಾ?'

ನಿಜಕ್ಕೂ ಯಾರೂ ಅದನ್ನು ಕೇಳಿರಲಿಲ್ಲ. ಅಮಾವಾಸ್ಯೆ ಕಳೆಯಲಿ, ಆಮೇಲೆ ನೋಡೋಣ ಎಂದು ಹಿರಿಯರು ಎದ್ದು ಹೋದರು. ಅತ್ತಿಗೆ ನನ್ನ ಕಡೆ ತಿರುಗಿ, ಬರುವವನಿಗೆ ಹಳೇ ಹಾಸು ಯಾಕೆ, ಹೊಸದು ಹೂಡು ಎಂದಳು. ಹುಚ್ಚಿನ ಜೊತೆ ವಾದ ಯಾಕೆ ಎಂದು ನಾನು ಹೂಡಿದೆ.

ಮುಂದಿನ ಗುರುವಾರ ನಡುಮಧ್ಯಾಹ್ನ ಧರ್ಮಪುರಿ ಬಸ್ಸಿಳಿದು ಅಣ್ಣ ಬಂದ! ಗಡ್ಡ ಬಿಟ್ಟಿದ್ದ, ಮೈ ಮಾತ್ರ ಗಟ್ಟಿಮುಟ್ಟಾಗಿತ್ತು. ಎರಡು ವರ್ಷವೂ ಯಾವುದೋ ಪವರ್‌ಲೂಮ್ ಶೆಡ್ಡಿನಲ್ಲಿದ್ದನಂತೆ. ಅಪ್ಪ ತಾನು ಗಂಡಸು ಎನ್ನುವುದನ್ನೂ ಮರೆತು ಅವನ ಕೊರಳು ತಬ್ಬಿ ಅತ್ತ. ಉಂಡಾದ ಮೇಲೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನಾನು ರೇಗಿದೆ. ಗುಡಿಯ ಸುದ್ದಿಯನ್ನು ಆಗಿನ್ನೂ ಯಾರೂ ಅವನಿಗೆ ಹೇಳಿರಲಿಲ್ಲ.

'ಎಷ್ಟೋ ಕಿತ ಬಸ್‌ಸ್ಟ್ಯಾಂಡ್‌ಗಂಟ ಬಂದೆ ಕಣ್ಲಾ. ಆ ಮುಗೀದಿರೋ ಸೀರೆ ಬಂದು ಕಣ್ ಮುಂದೆ ನಿಂತ್ಕಳಾದು. ಅಪ್ಪನ್ ಮುಖ ಎಂಗ್ ನೋಡ್ಲಿ ಅಂತ ತಿರುಗ್ ಓಗ್ತಿದ್ದೆ. ಓದ್ ಶುಕ್ರವಾರ ಬೆಳಿಗ್ಗೆ ಯಾಕೋ ಅದು ಕಾಣ್ಲಿಲ್ಲ.'

ನನ್ನ ಬಿಳಿ ಹೂವೇ ಬಂದಿದ್ದರೆ ಹಾಸು ಮಗ್ಗದ ಮೇಲೇ ಇರುತ್ತಿತ್ತು. ಅಣ್ಣ ಬಸ್‌ಸ್ಟ್ಯಾಂಡಿನಿಂದ ಇನ್ನೆಷ್ಟು ಸಲ ತಿರುಗಿ ಹೋಗುತ್ತಿದ್ದನೋ. ಅತ್ತಿಗೆಗೆ ಒಳ್ಳೆಯದು ಮಾಡಲು ಹೋಗಿ ನಾನು ಏನು ಮಾಡುತ್ತಿದ್ದೆ ಎಂದು ನೆನೆದು ಅವತ್ತು ರಾತ್ರಿ ಮುದ್ದೆ ಮುಟ್ಟದೆ ತಟ್ಟೆ ಬಿಟ್ಟು ಎದ್ದೆ.

ಮನೆ ಮತ್ತೆ ಮನೆಯಾಯಿತು. ಹೊಸ ಹಾಸಿನ ಮೊದಲ ಸೀರೆಯನ್ನು ಅಣ್ಣ ಅವ್ವನಿಗೆ ಉಡಿಸಿದ. ಅಪ್ಪ ಪವರ್‌ಲೂಮನ್ನು ಬೈಯುವುದು ಬಿಟ್ಟ. ನಾನೂ ಕಾಲಕ್ರಮದಲ್ಲಿ ಕರಿ ಅಂಗಿ ಬಿಟ್ಟೆ, ಅದು ಹರಿದುಹೋಗಿತ್ತು ಎಂಬ ಕಾರಣಕ್ಕೆ.

ಹೂವಿನ ವಿಷಯ ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಎಷ್ಟೋ ವರ್ಷದ ಮೇಲೆ, ಅತ್ತಿಗೆ ಒಬ್ಬಳೇ ಒಲೆಯ ಮುಂದಿದ್ದಾಗ ನನ್ನ ಕಳ್ಳತನ ಒಪ್ಪಿಕೊಳ್ಳಲು ಬಾಯಿ ತೆರೆದೆ. ಅವತ್ತು ಹೂ ಕಟ್ಟಿದ್ದು ನಾನೇ, ನೆನಪಿದೆಯಾ ಎಂದೆ. ಅವಳು ಮುದ್ದೆ ತಿರುವುತ್ತಿದ್ದ ಕೋಲನ್ನು ನಿಲ್ಲಿಸಲೂ ಇಲ್ಲ.

'ಎರಡ್ರಾಗೂ ಬಿಳೀದೇ ಇಕ್ಕಿದ್ದೆ, ತೆರಿಯುಂ' ಎಂದಳು. 'ಬರ್ತಾನೆ ಅಂತ ನಿಂಗ್ ನಂಬ್ಕೆ ಇದ್ದಿದ್ರೆ, ಒಂದ್ರಾಗಾದ್ರೂ ಕೆಂಪ್ ಇಕ್ಕಿರ್ತಿದ್ದೆ.'

ಅವಳಿಗೆ ಯಾರು ಹೇಳಿದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೇಳಿದ್ದರೂ ಅದೇ ಒಂದು ಮಾತು ಹೇಳುತ್ತಿದ್ದಳು. ತಟ್ಟೆ ಹಾಕಿಕೊಂಡು ಕೂತೆ, ಅವಳು ಬಿಸಿ ಮುದ್ದೆ ಹಾಕಿದಳು, ಉಂಡೆ.